ಎರಡು ವರ್ಷ ತಡವಾದ ಮಿಂಚಿನ ಮೊಲಕ್ಕೆ ಅಳತೆಕೋಲಿನವನ ಅರಿಕೆ

ಮಾನ್ಯ ಮಿಂಚಿನ ಮೊಲದವರೇ,

ತಮ್ಮ ಎಡಗಿವಿಗೂ, ಹನ್ನೊಂದು ತಿಂಗಳು ತಡವಾಗಿ ಬಂದು ಸೇರಿಕೊಂಡ ಬಲಗಿವಿಗೂ, ಇನ್ನೂ ಮೈಬಿಟ್ಟು ಇಳಿಯದ ಪ್ಲಾಸ್ಟಿಕ್ ಹೊದಿಕೆಗೂ ಬೇರೆ ಬೇರೆಯಾಗಿ ನನ್ನ ನಮಸ್ಕಾರಗಳು. ತಾವು ಕ್ಷೇಮವೆಂದು ನಂಬಿದ್ದೇನೆ. ಊರಿಗೆ ಊರೇ ಕೆಮ್ಮಿ ಮಲಗಿದ ಈ ಎರಡು ವರ್ಷಗಳಲ್ಲಿ ಒಮ್ಮೆಯೂ ಸೀನದೆ, ಯಾರ ಕೈಯನ್ನೂ ಮುಟ್ಟದೆ, ನಿಂತ ಜಾಗದಿಂದ ಒಂದಡಿಯೂ ಕದಲದೆ ಎಲ್ಲ ನಿಯಮಗಳನ್ನೂ ಚಾಚೂತಪ್ಪದೆ ಪಾಲಿಸಿದವರು ನಮ್ಮ ಉದ್ಯಾನದಲ್ಲಿ ತಾವೊಬ್ಬರೇ ಎಂಬುದನ್ನು ಮೊದಲಿಗೇ ಮೆಚ್ಚಿ ಹೇಳಬೇಕು. ಮಕ್ಕಳನ್ನು ಕೂರಿಸಿಕೊಂಡು ಓಡುವುದಕ್ಕಾಗಿ ಹುಟ್ಟಿದ ಆಟದ ರೈಲಿಗೆ ಇಷ್ಟು ಸಂಯಮ ಇರುವುದು ಸಣ್ಣ ಮಾತಲ್ಲ.

ನನ್ನ ಪರಿಚಯ ತಮಗೆ ಇರಲಾರದು. ಈ ಮನರಂಜನಾ ಉದ್ಯಾನದ ಮಕ್ಕಳ ವಿಭಾಗದ ಗೇಟಿನಲ್ಲಿ ಹತ್ತೊಂಬತ್ತು ವರ್ಷಗಳಿಂದ ಅಳತೆಕೋಲು ಹಿಡಿದು ನಿಂತಿರುವವನು ನಾನು. ಯಾವ ಮಗು ಯಾವ ಆಟ ಹತ್ತಬಹುದು, ಯಾವುದನ್ನು ಹತ್ತಬಾರದು ಎಂದು ಎತ್ತರ ನೋಡಿ ಹೇಳುವುದು ನನ್ನ ಕೆಲಸ. ಸೆಂಟಿಮೀಟರಿನಲ್ಲಿ ಅಳೆಯುತ್ತೇನೆ ಎಂದು ಎಷ್ಟು ಬಡಿದುಕೊಂಡರೂ ಜೊತೆಯ ನೌಕರರು ನನ್ನನ್ನು ಇಂಚುಪಟ್ಟಿ ಎಂದೇ ಕರೆಯುತ್ತಾರೆ. ಎರಡೆರಡು ಜೊತೆ ಕಾಲುಚೀಲ ತೊಟ್ಟವರು, ಶೂ ಒಳಗೆ ಪೇಪರ್ ತುರುಕಿದವರು, ಜುಟ್ಟನ್ನು ನೆತ್ತಿಯ ಮೇಲೆ ಎತ್ತಿ ಕಟ್ಟಿಸಿಕೊಂಡು ಬಂದವರು, ಎಲ್ಲರನ್ನೂ ನೋಡಿದ್ದೇನೆ. ಒಬ್ಬರಿಗೂ ಅರ್ಧ ಸೆಂಟಿಮೀಟರ್ ಬಿಟ್ಟುಕೊಟ್ಟವನಲ್ಲ. ದೊಡ್ಡವರ ಶಿಫಾರಸು ತಂದ ಮಗುವನ್ನೂ ವಾಪಸು ಕಳಿಸಿದ್ದೇನೆ, ಬೈಸಿಕೊಂಡಿದ್ದೇನೆ, ಮರುದಿನ ಅದೇ ಜಾಗದಲ್ಲಿ ಅದೇ ಕೋಲು ಹಿಡಿದು ನಿಂತಿದ್ದೇನೆ. ಇದನ್ನು ಜಂಬಕ್ಕಾಗಿ ಹೇಳುತ್ತಿಲ್ಲ, ಮುಂದೆ ಬರುವ ವಿಷಯಕ್ಕೆ ಬೇಕಾಗಿರುವುದರಿಂದ ಹೇಳುತ್ತಿದ್ದೇನೆ.

ಇಷ್ಟು ಜನ ಮನುಷ್ಯರಿರುವಾಗ ಇವನೇಕೆ ನನಗೆ ಬರೆಯುತ್ತಿದ್ದಾನೆ ಎಂದು ತಾವು ಹುಬ್ಬೇರಿಸಬಹುದು. ತಾವು ಯಾವಾಗ ಓಡುತ್ತೀರೆಂದು ನಮ್ಮ ವ್ಯವಸ್ಥಾಪಕರನ್ನು ಕೇಳಿದೆ. ಅವರು ಎಂಜಿನಿಯರನ್ನು ಕೇಳಿ ಎಂದರು. ಎಂಜಿನಿಯರು, ತಮ್ಮನ್ನು ತಯಾರಿಸಿದ ಕಂಪನಿಯನ್ನು ಕೇಳಬೇಕು ಎಂದರು. ಕಂಪನಿಗೆ ಬರೆದರೆ ಒಂದೇ ನಿಮಿಷದಲ್ಲಿ ಉತ್ತರ ಬಂತು: ನನ್ನ ಸಂದೇಶ ಅವರಿಗೆ ಬಹಳ ಅಮೂಲ್ಯವಾದದ್ದಂತೆ, ಹೆಚ್ಚಿನ ವಿವರಕ್ಕೆ ನಮ್ಮ ಉದ್ಯಾನದ ವ್ಯವಸ್ಥಾಪಕರನ್ನು ಸಂಪರ್ಕಿಸಬೇಕಂತೆ. ಮೂರು ಸುತ್ತು ಹೀಗೆ ತಿರುಗಿದ ಮೇಲೆ, ಆಟದ ರೈಲಿಲ್ಲದೆಯೂ ಸುತ್ತು ಹೊಡೆಸುವ ವಿದ್ಯೆ ಇವರಿಗೆ ಕರಗತವಾಗಿದೆ ಎಂದು ಮನವರಿಕೆಯಾಗಿ, ನೇರವಾಗಿ ತಮ್ಮ ಪಾದಕ್ಕೇ, ಅಂದರೆ ಚಕ್ರಕ್ಕೇ ಬಂದಿದ್ದೇನೆ. ಪತ್ರವನ್ನು ಎಲ್ಲರೂ ಓದಲೆಂದು ನೌಕರರ ಕ್ಯಾಂಟೀನಿನ ಗೋಡೆಗೂ ಅಂಟಿಸುತ್ತಿದ್ದೇನೆ.

ತಮ್ಮ ಆಗಮನ ಪ್ರಕಟವಾದ ದಿನ ನನಗೆ ಚೆನ್ನಾಗಿ ನೆನಪಿದೆ. ಗೇಟಿನ ಮೇಲೆ ದೊಡ್ಡ ಬೋರ್ಡು ಏರಿತು: ‘ಈ ರಜೆಗೆ ಬರುತ್ತಿದೆ ಮಿಂಚಿನ ಮೊಲ.’ ಬಿಳಿ ಮೊಲದ ಮುಖದ ಎಂಜಿನ್ನು, ಹಿಂದೆ ಎಂಟು ಪುಟ್ಟ ಡಬ್ಬಿಗಳು, ಡಬ್ಬಿಗೆ ಇಬ್ಬರು ಮಕ್ಕಳು. ಮೂರು ದಿಬ್ಬ ಹತ್ತಿ ಇಳಿದು, ಕತ್ತಲ ಬಿಲದೊಳಗೆ ನುಗ್ಗಿ, ಆ ಕಡೆ ಬೆಳಕಿಗೆ ಹಾರುವ ಆಟ. ಬಿಲದ ಸೂರು ತಗ್ಗಾಗಿರುವುದರಿಂದ ನೂರ ಇಪ್ಪತ್ತು ಸೆಂಟಿಮೀಟರಿಗಿಂತ ಎತ್ತರದವರು ಕೂರುವಂತಿಲ್ಲ ಎಂದು ಬೋರ್ಡಿನ ಕೆಳಗೆ ಬರೆದಿತ್ತು. ಆಮೇಲೆ ರೋಗ ಬಂತು, ಗೇಟು ಮುಚ್ಚಿತು. ಬೋರ್ಡು ಬರೆಯುವವನು ಬಂದು ‘ಈ ರಜೆಗೆ’ ಎಂಬುದನ್ನು ಅಳಿಸಿ ‘ಮುಂದಿನ ರಜೆಗೆ’ ಎಂದು ಬರೆದ, ಮುಂದಿನ ರಜೆ ಹಿಂದಿನದಾದ ಮೇಲೆ ‘ಅತಿ ಶೀಘ್ರದಲ್ಲಿ’ ಎಂದು ತಿದ್ದಿದ, ಆಮೇಲೆ ಯಾರಿಗೋ ನಾಚಿಕೆಯಾಗಿ ‘ಅತಿ’ಯನ್ನು ಅಳಿಸಿದರು.

ನನ್ನ ಮೊಮ್ಮಗಳಿಗೆ ಆಗ ಆರು ವರ್ಷ, ಎತ್ತರ ನೂರ ಒಂಬತ್ತು. ನಾವು ಅವಳನ್ನು ಚಿಣ್ಣಿ ಎನ್ನುತ್ತೇವೆ. ಅವಳ ತಾಯಿ, ಅಂದರೆ ನನ್ನ ಮಗಳು, ಆಸ್ಪತ್ರೆಯಲ್ಲಿ ನರ್ಸು. ರೋಗ ಬಂದ ಎರಡನೆಯ ವಾರ ಅವಳನ್ನು ಸೋಂಕಿನ ವಾರ್ಡಿಗೆ ಹಾಕಿದರು, ಮನೆಗೆ ಹೋಗಿಬರುವುದು ಬೇಡ ಎಂದು ಆಸ್ಪತ್ರೆಯ ಹಾಸ್ಟೆಲಿನಲ್ಲೇ ಉಳಿಸಿಕೊಂಡರು. ಹೊರಡುವ ದಿನ ಚಿಣ್ಣಿ ಅವಳ ಬ್ಯಾಗಿನ ಮೇಲೆ ಕುಳಿತುಬಿಟ್ಟಳು, ಏಳಲೊಲ್ಲಳು. ಆಗ ಮಗಳು ಹೇಳಿದ್ದು: “ಮೊಲದ ರೈಲು ಶುರುವಾಗೋ ದಿನ ಬರ್ತೀನಿ ಕಣೇ. ನೀನು ಬಿಲದಿಂದ ಈಚೆ ಬರ್ತೀಯಲ್ಲ, ಅಲ್ಲೇ ಎದುರಿಗೆ ನಿಂತಿರ್ತೀನಿ.” ಇಷ್ಟಕ್ಕೆ ಮಗು ಎದ್ದಿತು. ಮೂರು ತಿಂಗಳಿನ ಮಾತು ಎಂದುಕೊಂಡೇ ಅವಳು ಹೇಳಿದ್ದು. ರಜೆ ಸಿಗದ, ಸಿಕ್ಕರೂ ಜೊತೆಯವಳು ಕಾಯಿಲೆ ಬಿದ್ದು ರದ್ದಾಗುವ ದಿನಗಳು ಇಷ್ಟೊಂದು ಸಾಲುಗಟ್ಟಿ ನಿಂತಿವೆಯೆಂದು ಅವಳಿಗೇನು ಕನಸು ಬಿದ್ದಿತ್ತೇ?

ಅಂದಿನಿಂದ ನಮ್ಮ ಮನೆಯಲ್ಲಿ ತಾವು ಬರುವುದೂ ಅವಳಮ್ಮ ಬರುವುದೂ ಒಂದೇ ಆಯಿತು. ಗೇಟು ಮುಚ್ಚಿದ್ದರೂ ಕಾವಲಿಗೆಂದು ಉದ್ಯಾನಕ್ಕೆ ಹೋಗಿಬರುತ್ತಿದ್ದ ನಾನು ಪ್ರತಿ ಸಂಜೆ ಶೂ ಬಿಚ್ಚುವ ಮೊದಲೇ “ಮೊಲ ಎಲ್ಲೀವರೆಗೆ ಬಂತು ತಾತ?” ಎಂಬ ಪ್ರಶ್ನೆ. ನಾನು ಕಂಡದ್ದನ್ನೇ ಹೇಳುತ್ತಿದ್ದೆ. ಎಡಗಿವಿ ಬಂದಿದೆ, ಬಲಗಿವಿಯ ಪೆಟ್ಟಿಗೆ ಬೇರೆ ಹಡಗಿನಲ್ಲಿ ಸಿಕ್ಕಿಕೊಂಡಿದೆ. ಹಡಗು ಬಂದಿದೆ, ಇಳಿಸುವ ಆಳುಗಳು ಕಾಯಿಲೆ ಬಿದ್ದಿದ್ದಾರೆ. ಆಳುಗಳು ಎದ್ದಿದ್ದಾರೆ, ಪೆಟ್ಟಿಗೆಯೊಳಗೆ ಎರಡೂ ಎಡಗಿವಿಗಳೇ ಇವೆ. ಆ ಕಿವಿ ವಾಪಸು ಹೋಗಿ ಸರಿಯಾದದ್ದು ಬರುವಷ್ಟರಲ್ಲಿ ಚಿಣ್ಣಿಯ ಮುಂದಿನ ಎರಡು ಹಲ್ಲು ಬಿದ್ದು ಹೊಸವು ಬಂದಿದ್ದವು. ಪರದೇಶದ ತಜ್ಞರು ಬರಲಾಗದೆ ವಿಡಿಯೋ ಕರೆಯಲ್ಲೇ ತಮ್ಮನ್ನು ಪರೀಕ್ಷಿಸಿದ್ದು ತಮಗೂ ನೆನಪಿರಬೇಕು. ನಮ್ಮ ಮೆಕ್ಯಾನಿಕ್ ಅಣ್ಣ ಫೋನು ಹಿಡಿದು ಹಳಿಯ ಮೇಲೆಲ್ಲ ತೆವಳಿದ, ಅರ್ಧ ಗಂಟೆ ತೆವಳಿದ ಮೇಲೆ ತಿಳಿಯಿತು, ತಜ್ಞರ ಮುಖ ಮೊದಲ ದಿಬ್ಬದಲ್ಲೇ ನಿಂತುಹೋಗಿತ್ತು, ಉಳಿದದ್ದನ್ನೆಲ್ಲ ಅವರು ನೋಡಿಯೇ ಇರಲಿಲ್ಲ.

ಉದ್ಯಾನ ಮುಚ್ಚಿದಾಗ ತಂತಮ್ಮ ಸಲಕರಣೆಗಳನ್ನು ತಾವೇ ಮನೆಯಲ್ಲಿಟ್ಟುಕೊಳ್ಳಬೇಕೆಂದು ಆದೇಶವಾಗಿತ್ತು, ಹಾಗಾಗಿ ಅಳತೆಕೋಲು ನಮ್ಮ ಅಡುಗೆಮನೆಯ ಮೂಲೆಗೆ ಬಂತು. ಭಾನುವಾರಕ್ಕೊಮ್ಮೆ ಚಿಣ್ಣಿಯನ್ನು ಅದಕ್ಕೆ ಒರಗಿಸಿ ನಿಲ್ಲಿಸುವುದು ನಮಗೊಂದು ಆಟವಾಯಿತು. ನೂರ ಹನ್ನೆರಡಾದಳು, ನೂರ ಹದಿನೈದಾದಳು, ನಾನು ಖುಷಿಪಡುತ್ತಿದ್ದೆ. ನೂರ ಹದಿನೇಳು ದಾಟಿದ ವಾರ ಅವಳು ಕೋಲಿನಲ್ಲಿ ನೂರ ಇಪ್ಪತ್ತಕ್ಕೆ ಎಳೆದ ಕೆಂಪು ಗೆರೆಯನ್ನೇ ದಿಟ್ಟಿಸಿ ನೋಡಿದಳು. ಮರುದಿನದಿಂದ ಹಾಲು ಬೇಡ ಎಂದಳು. ಹೊಟ್ಟೆನೋವೆಂದು ನಾನು ಜೀರಿಗೆ ನೀರು ಕುಡಿಸಿದೆ. ಕೆಲವು ದಿನಗಳ ಮೇಲೆ ಅವಳು ನಡೆಯುವ ರೀತಿ ವಿಚಿತ್ರವಾಯಿತು. ಮೊಣಕಾಲು ಬಗ್ಗಿಸಿ, ಹೆಗಲು ಒಳಗೆಳೆದು, ಯಾರದೋ ಕಣ್ಣು ತಪ್ಪಿಸಿ ಹೋಗುವವಳ ಹಾಗೆ. ರಾತ್ರಿ ಮಲಗುವಾಗಲೂ ಮುದುರಿಕೊಂಡೇ ಮಲಗುತ್ತಿದ್ದಳು. ಗದರಿ ಕೇಳಿದಾಗ ಬಾಯಿಬಿಟ್ಟಳು: “ಕಾಲು ಚಾಚಿದ್ರೆ ಉದ್ದ ಆಗ್ಬಿಡ್ತೀನಿ ತಾತ. ನನ್ನನ್ನ ಕೂರಿಸ್ಕೊಳ್ಳಲ್ಲ. ಆಮೇಲೆ ಅಮ್ಮ ಬರೋದು ಹೇಗೆ?”

ಮಾನ್ಯರೇ, ಎತ್ತರ ಕಾಣಲೆಂದು ಹೆಬ್ಬೆರಳ ಮೇಲೆ ನಿಂತ ಸಾವಿರಾರು ಮಕ್ಕಳನ್ನು ನಾನು ಹಿಡಿದಿದ್ದೇನೆ, ಹುಸಿನಕ್ಕು ಹಿಮ್ಮಡಿ ಇಳಿಸಿದ್ದೇನೆ. ಬೆಳೆಯಬಾರದೆಂದು ಹಟ ಹಿಡಿದ ಮಗುವನ್ನು ನೋಡಿದ್ದು ಇದೇ ಮೊದಲು. ಅಮ್ಮ ಬರುವುದಕ್ಕೂ ಮೊಲಕ್ಕೂ ಸಂಬಂಧವಿಲ್ಲ ಎಂದು ಎಷ್ಟು ಬಿಡಿಸಿ ಹೇಳಿದರೂ ಅವಳ ತಲೆಗೆ ಹೋಗಲಿಲ್ಲ. ಹಾಲಿನ ಲೋಟ ಹಿಡಿದು ಮನೆಯೆಲ್ಲ ಅವಳ ಹಿಂದೆ ಅಲೆದೆ.

ಇಷ್ಟರಲ್ಲಿ ಒಳ್ಳೆಯ ಸುದ್ದಿ ಬಂತು. ತಮ್ಮ ಎರಡೂ ಕಿವಿ ಕೂತವು, ತಜ್ಞರು ಒಪ್ಪಿದರು, ಉಳಿದದ್ದು ನೀರುಬೊಂಬೆಗಳ ಪರೀಕ್ಷೆ ಮಾತ್ರ. ಓದುವವರಿಗೆ ತಿಳಿಯಲೆಂದು ಹೇಳುತ್ತೇನೆ: ಹೊಸ ಆಟಕ್ಕೆ ಮಕ್ಕಳನ್ನು ಹತ್ತಿಸುವ ಮೊದಲು, ಮಗುವಿನ ತೂಕದ ಪ್ಲಾಸ್ಟಿಕ್ ಬೊಂಬೆಗಳಿಗೆ ನೀರು ತುಂಬಿ ಎಲ್ಲ ಸೀಟಿನಲ್ಲೂ ಕೂರಿಸಿ ನೂರಾರು ಸುತ್ತು ಓಡಿಸುತ್ತಾರೆ. ಹದಿನಾರು ಬೊಂಬೆ ಸಿದ್ಧವಾದವು. ಪರೀಕ್ಷೆ ಮುಗಿದ ವಾರವೇ ಉದ್ಘಾಟನೆ ಎಂದು ವ್ಯವಸ್ಥಾಪಕರು ಹೇಳಿದರು. ಆ ಭಾನುವಾರ ಚಿಣ್ಣಿ ನೂರ ಹತ್ತೊಂಬತ್ತು ಪಾಯಿಂಟ್ ಒಂದು ಇದ್ದಳು. ಇನ್ನೂ ಸಮಯವಿತ್ತು.

ಇಲ್ಲಿಂದ ಮುಂದಿನದನ್ನು ತಾವು ನಿಂತಲ್ಲೇ ನಿಂತು ನೋಡಿದ್ದೀರಿ, ಆದರೂ ನನ್ನ ಬಾಯಿಂದಲೇ ಬರಲಿ. ಕಚೇರಿಯಿಂದ ಒಂದು ಸುತ್ತೋಲೆ ಬಂದಿತ್ತು: ಯಾವುದೇ ಆಟದಲ್ಲಿ ಕೂರುವ ಪ್ರತಿಯೊಬ್ಬರಿಗೂ ಮಾಸ್ಕ್ ಹಾಕಿಸಬೇಕು, ಜ್ವರ ನೋಡಬೇಕು, ನಡುವೆ ಒಂದು ಸೀಟು ಖಾಲಿ ಬಿಡಬೇಕು, ಜ್ವರವಿದ್ದವರನ್ನು ಹದಿನಾಲ್ಕು ದಿನ ಪ್ರತ್ಯೇಕ ಇಡಬೇಕು. ‘ಪ್ರತಿಯೊಬ್ಬರು’ ಎಂದರೆ ಮನುಷ್ಯರು ಎಂದು ಅದರಲ್ಲಿ ಎಲ್ಲೂ ಬರೆದಿರಲಿಲ್ಲ. ಅರ್ಧ ಸೆಂಟಿಮೀಟರನ್ನೂ ಬಿಡದವನು ಎಂಬ ಹೆಸರಿನ ಮೇಲೆ, ಜ್ವರ ನೋಡುವ ಗನ್ನನ್ನು ಒಬ್ಬ ನೌಕರನ ಕೈಗೆ ಕೊಟ್ಟಿದ್ದರು. ಬೊಂಬೆಗಳು ಬೆಳಗ್ಗಿನಿಂದ ಬಿಸಿಲಲ್ಲಿ ಕುಳಿತಿದ್ದವು, ಒಳಗಿನ ನೀರು ಕಾದಿತ್ತು. ಆ ನೌಕರ ಹದಿನಾರೂ ಬೊಂಬೆಗಳ ಹಣೆಗೆ ಗನ್ನು ಹಿಡಿದ. ಮೂವತ್ತೊಂಬತ್ತು ಡಿಗ್ರಿಗೆ ಕಡಿಮೆ ಒಂದೂ ಇರಲಿಲ್ಲ. “ಏ ಮಾರಾಯ, ನೀರು ಬದಲಾಯಿಸಿದ್ರೆ ಜ್ವರ ಇಳಿಯುತ್ತೆ, ಸುಮ್ನಿರು,” ಎಂದು ಮೆಕ್ಯಾನಿಕ್ ಅಣ್ಣ ಕೈಮುಗಿದು ಹೇಳಿದ. ಆ ನೌಕರ ಕೇಳಲಿಲ್ಲ. ಗನ್ನು ತೋರಿಸಿದ್ದನ್ನು ರಿಜಿಸ್ಟರಿನಲ್ಲಿ ಬರೆದ, ಸಹಿ ಹಾಕಿದ. ಸಹಿಯಾದ ರಿಜಿಸ್ಟರನ್ನು ಮೀರುವ ಧೈರ್ಯ ಯಾರಿಗೂ ಬರಲಿಲ್ಲ, ಹದಿನಾರು ಬೊಂಬೆಗಳೂ ಮಾಸ್ಕ್ ಸಮೇತ ಪ್ರಥಮ ಚಿಕಿತ್ಸೆಯ ಕೋಣೆಯಲ್ಲಿ ಹದಿನಾಲ್ಕು ದಿನ ಮಲಗಿದವು. ಆ ನೌಕರ ನಾನೇ.

ಅಷ್ಟಕ್ಕೇ ಮುಗಿದಿದ್ದರೆ ಹೇಗೋ ಆಗುತ್ತಿತ್ತು. ಬೊಂಬೆಗಳು ಗುಣವಾಗಿ ಬಂದ ಮೇಲೆ, ಒಂದು ಸೀಟು ಬಿಟ್ಟು ಒಂದರಲ್ಲಿ ಕೂರಿಸಬೇಕು ಎಂದು ಹಟ ಹಿಡಿದವನೂ ನಾನೇ. ಎಂಟೇ ಬೊಂಬೆ ಕೂತು ಪರೀಕ್ಷೆ ನಡೆಯಿತು. ಅರ್ಧ ಭಾರದ ಪರೀಕ್ಷೆ ಪರೀಕ್ಷೆಯೇ ಅಲ್ಲ ಎಂದು ಪರದೇಶದ ತಜ್ಞರು ತಿರಸ್ಕರಿಸಿದರು. ಪೂರ್ತಿ ಕೂರಿಸಿದರೆ ಸುತ್ತೋಲೆ ತಪ್ಪುತ್ತದೆ, ಅರ್ಧ ಕೂರಿಸಿದರೆ ತಜ್ಞರು ಒಪ್ಪುವುದಿಲ್ಲ. ಬೊಂಬೆಗಳು ಒಂದೇ ಮನೆಯವರೆಂದು ಪರಿಗಣಿಸಿ ಅಕ್ಕಪಕ್ಕ ಕೂರಲು ಅನುಮತಿ ಕೊಡಬಹುದು ಎಂದು ತೀರ್ಮಾನವಾಗಲು ಮೂರು ತಿಂಗಳು ಪತ್ರಗಳು ಓಡಾಡಿದವು. ಅಷ್ಟರಲ್ಲಿ ಚಿಣ್ಣಿ ಕೆಂಪು ಗೆರೆ ದಾಟಿದ್ದಳು. ಹಾಲು ಬಿಟ್ಟರೂ, ಮುದುರಿ ಮಲಗಿದರೂ, ಮೈ ಯಾರ ಮಾತನ್ನೂ ಕೇಳಲಿಲ್ಲ.

ಅವಳಿಗೆ ಸುಳ್ಳು ಹೇಳುವ ಮನಸ್ಸಾಗಲಿಲ್ಲ. ಎದುರಿಗೆ ಕೂರಿಸಿಕೊಂಡು ಬೊಂಬೆಗಳ ಕತೆಯನ್ನು ಪೂರ್ತಿ ಹೇಳಿದೆ. “ಬೊಂಬೆಗೆ ಜ್ವರ ಬರುತ್ತಾ ತಾತ?” ಎಂದಳು. ಬರುವುದಿಲ್ಲ ಎಂದೆ. “ಮತ್ತೆ ಯಾಕೆ ಬರೆದೆ?” ಗನ್ನಿನಲ್ಲಿ ಹಾಗೆ ತೋರಿಸಿತು ಎಂದೆ. “ತೋರಿಸಿದ್ರೆ ಬರೀಲೇಬೇಕು ಬಿಡು,” ಎಂದು ನನ್ನ ಮೊಣಕೈ ಸವರಿದಳು. ಅವಳು ಅತ್ತು ರಂಪ ಮಾಡಿದ್ದರೆ ಎಷ್ಟೋ ವಾಸಿಯಿತ್ತು. ಹತ್ತೊಂಬತ್ತು ವರ್ಷ ನಾನು ಯಾವುದನ್ನು ಹೆಮ್ಮೆ ಎಂದುಕೊಂಡಿದ್ದೆನೋ ಅದು ಅವಳ ಬಾಯಲ್ಲಿ ಕೇಳಿಸಿದಾಗ ನನಗೆ ಮುಖ ಎತ್ತಲಾಗಲಿಲ್ಲ.

ಆದ್ದರಿಂದ ತಮ್ಮಲ್ಲಿ ಕೆಲವು ಕೋರಿಕೆಗಳಿವೆ, ದಯವಿಟ್ಟು ಹೊಟ್ಟೆಗೆ ಹಾಕಿಕೊಳ್ಳಬೇಕು. ಬಿಲದ ಸೂರನ್ನು ಒಂದೇ ಒಂದು ಸೆಂಟಿಮೀಟರ್ ಮೇಲೆ ಸರಿಸಿಕೊಳ್ಳಲು ಸಾಧ್ಯವೇ ನೋಡಿ. ಸೂರು ಕದಲಿದರೆ ಮತ್ತೆ ಬೊಂಬೆಗಳ ಪರೀಕ್ಷೆ ಎನ್ನುತ್ತಾರೆ, ಆಗ ಗನ್ನು ಹಿಡಿಯಲು ನಾನು ಬರುವುದಿಲ್ಲವೆಂದು ಈಗಲೇ ಬರೆದುಕೊಡುತ್ತೇನೆ. ಅದಾಗದಿದ್ದರೆ ತಮ್ಮ ಉದ್ಘಾಟನೆಯನ್ನು ಕಳೆದ ವರ್ಷದ ತಾರೀಖಿನಿಂದ ಜಾರಿಗೆ ಬರುವಂತೆ ಮಾಡಿಕೊಳ್ಳಿ. ನಮ್ಮ ಕಚೇರಿಯಲ್ಲಿ ಬಡ್ತಿಗಳನ್ನೆಲ್ಲ ಹಾಗೆಯೇ ಕೊಡುತ್ತಾರೆ, ಒಬ್ಬರಿಗೂ ವಯಸ್ಸು ಹಿಂದೆ ಹೋದದ್ದು ಕಂಡಿಲ್ಲ, ಆದರೂ ಪ್ರಯತ್ನಿಸಿದರೆ ತಪ್ಪೇನು? ಶಾಲೆ, ಮದುವೆ, ಪರೀಕ್ಷೆ, ಶವಸಂಸ್ಕಾರಕ್ಕೆ ಸೇರುವ ಜನ, ಎಲ್ಲವನ್ನೂ ಮುಂದಿನ ಆದೇಶದವರೆಗೆ ತಡೆಹಿಡಿದಾಗ ಮಕ್ಕಳ ಬೆಳವಣಿಗೆಯನ್ನು ಆ ಪಟ್ಟಿಯಲ್ಲಿ ಸೇರಿಸಲು ಯಾರು ಮರೆತರೆಂದೂ ವಿಚಾರಿಸಿ ತಿಳಿಸಬೇಕು.

ಇಷ್ಟು ಬರೆದಿಟ್ಟಿದ್ದೆ, ಕಳೆದ ಮಂಗಳವಾರ ಮಗಳು ಬಂದಳು. ಮುನ್ಸೂಚನೆಯಿಲ್ಲ, ಉದ್ಘಾಟನೆಯಿಲ್ಲ, ವಾರ್ಡು ಮುಚ್ಚಿದ್ದರಿಂದ ಹತ್ತು ದಿನ ರಜೆ ಕೊಟ್ಟಿದ್ದರಂತೆ. ಕೈಯಲ್ಲೊಂದು ಫ್ರಾಕು, ತಾನು ಹೊರಟಾಗಿನ ಮಗುವನ್ನು ಮನಸ್ಸಿನಲ್ಲಿಟ್ಟುಕೊಂಡು ತಂದದ್ದು. ಅದು ಚಿಣ್ಣಿಯ ಹೆಗಲಲ್ಲೇ ಸಿಕ್ಕಿಕೊಂಡಿತು. ಮಗಳು ಜೋರಾಗಿ ನಕ್ಕಳು, ಆಮೇಲೆ ಅಡುಗೆಮನೆಯ ನೆಲದ ಮೇಲೆ ಕುಳಿತು ಬಹಳ ಹೊತ್ತು ಅತ್ತಳು. ಅಮ್ಮ ಅಳುವುದು ತನ್ನ ಎತ್ತರಕ್ಕೇ ಎಂದು ಚಿಣ್ಣಿ ಇನ್ನಷ್ಟು ಮೊಣಕಾಲು ಬಗ್ಗಿಸಿದಳು. ಇದೇನಿದು ಹೀಗೆ ನಿಂತಿದೆ ಮಗು ಎಂದು ಮಗಳು ನನ್ನ ಮುಖ ನೋಡಿದಳು. ನಾನು ಹೇಳಿದೆ, ಬೊಂಬೆಯ ವಿಷಯವನ್ನೂ ಬಿಡಲಿಲ್ಲ. ಅವಳು ಎದ್ದು ಹೋಗಿ ಮಗುವಿನ ಎರಡೂ ಹೆಗಲು ಹಿಡಿದಳು: “ನೆಟ್ಟಗೆ ನಿಲ್ಲೇ. ಎರಡು ವರ್ಷ ಬರೀ ಮಲಗಿದೋರನ್ನೇ ನೋಡಿದೀನಿ. ನೀನು ಎಷ್ಟು ಎತ್ತರ ಇದೀಯೋ ಅಷ್ಟೂ ನಿಂತ್ಕೋ, ನೋಡ್ತೀನಿ.”

ಚಿಣ್ಣಿ ಒಮ್ಮೆ ನನ್ನನ್ನೂ ಒಮ್ಮೆ ಕೋಲನ್ನೂ ನೋಡಿ, ಮೊಣಕಾಲು ಬಿಚ್ಚಿ, ಹೆಗಲು ಹಿಂದಕ್ಕೆ ತಂದು, ತಲೆಯೆತ್ತಿ ನಿಂತಳು. ನೂರ ಇಪ್ಪತ್ತೊಂದು. ನಾನೇ ಓದಿ ಹೇಳಿದೆ. ಈ ಎರಡು ವರ್ಷಗಳಲ್ಲಿ ತಾನು ಬೆಳೆಯಬೇಕಾದಷ್ಟನ್ನು ಹೊತ್ತಿಗೆ ಸರಿಯಾಗಿ, ಯಾರ ಒಪ್ಪಿಗೆಗೂ ಕಾಯದೆ ಬೆಳೆದು ಮುಗಿಸಿದ್ದು ನನಗೆ ತಿಳಿದಂತೆ ಆ ಮಗುವೊಂದೇ. ಅಂದು ಅವಳು ಎರಡು ಲೋಟ ಹಾಲು ಕುಡಿದಳು.

ತಮ್ಮ ಉದ್ಘಾಟನೆ ಬರುವ ಭಾನುವಾರವೆಂದು ನಿನ್ನೆ ನೋಟಿಸು ಬಂದಿದೆ, ಹಾರ್ದಿಕ ಅಭಿನಂದನೆಗಳು. ತಾವು ಹದಿನಾರು ಮಕ್ಕಳನ್ನು ಹೊತ್ತು ಬಿಲದಿಂದ ಹೊರಬರುವಾಗ ಅಲ್ಲಿ ನರ್ಸು ಒಬ್ಬಳು ನಿಂತಿರುತ್ತಾಳೆ, ಕೊಟ್ಟ ಮಾತಿಗೆ ಬಂದವಳು. ಅವಳ ಕೈ ಹಿಡಿದು ಪಕ್ಕದಲ್ಲೇ ನಿಂತಿರುವವಳು ನನ್ನ ಮೊಮ್ಮಗಳು. ತಾವು ಅವರಿಬ್ಬರ ಮುಂದೆ ಸ್ವಲ್ಪ ನಿಧಾನವಾಗಿ ಹಾದುಹೋದರೆ ಉಪಕಾರವಾಗುತ್ತದೆ. ನಿಧಾನದಲ್ಲಿ ತಮಗೆ ಇರುವ ಅನುಭವ ಬೇರೆ ಯಾರಿಗಿದೆ?

ಚಕ್ರ ತಿರುಗುವುದನ್ನು ಕಾಣುವ ಆಸೆಯಿಂದ,

ತಮ್ಮ ವಿಶ್ವಾಸಿ,
ಮಕ್ಕಳ ವಿಭಾಗದ ಗೇಟಿನ ಇಂಚುಪಟ್ಟಿ

ಬಿಟ್ಟುಹೋದ ಮಾತು: ಇದು ಮೊಲಕ್ಕಲ್ಲ, ಕ್ಯಾಂಟೀನಿನ ಗೋಡೆಯಲ್ಲಿ ಇದನ್ನು ಓದುತ್ತಿರುವ ಮಾನ್ಯ ವ್ಯವಸ್ಥಾಪಕರಿಗೆ. ಕಾಯುತ್ತಾ ಕಾಯುತ್ತಾ ಎತ್ತರವಾದ ಮಕ್ಕಳಿಗೆ ‘ನೀವು ದೊಡ್ಡವರಾಗಿದ್ದೀರಿ’ ಎಂದು ನಗುಮುಖದಿಂದ ತಿಳಿಸಿ ಕಳಿಸಬೇಕೆಂಬ ತಮ್ಮ ಆದೇಶ ತಲುಪಿದೆ, ಶಿರಸಾ ಪಾಲಿಸುತ್ತೇನೆ, ಸೂರು ತಗ್ಗಾಗಿದೆ, ಯಾರ ಮಗುವಿನ ತಲೆಯನ್ನೂ ನಾನು ಅಪಾಯಕ್ಕೆ ಒಡ್ಡುವವನಲ್ಲ. ಆದರೆ ಭಾನುವಾರ ಬೆಳಗ್ಗೆ ಹತ್ತು ಗಂಟೆಯಿಂದ ಹತ್ತು ಗಂಟೆ ಎರಡು ನಿಮಿಷದವರೆಗೆ ನನಗೆ ರಜೆ ಬೇಕು, ಅರ್ಜಿಯನ್ನು ಇದರ ಜೊತೆಗೇ ಅಂಟಿಸಿದ್ದೇನೆ. ಸಾಲಿನ ಮೊದಲ ಮಗುವಿಗೆ ಕೋಲು ತಾವೇ ಹಿಡಿಯಬೇಕು, ಆ ಮಾತನ್ನೂ ತಾವೇ ಹೇಳಬೇಕು. ತಲೆ ಒತ್ತಿ ಅಳೆಯುವ ಕಷ್ಟ ತಮಗಿಲ್ಲ, ಅವಳು ನೆಟ್ಟಗೆ ನಿಲ್ಲುತ್ತಾಳೆ. ಆ ಎರಡು ನಿಮಿಷ ನಾನು ಗೇಟಿನ ಹೊರಗೆ, ಅವಳ ಹಿಂದೆ, ಅವಳ ತಾತನಾಗಿ ನಿಂತಿರುತ್ತೇನೆ.